ಅಮ್ಮ ತಿಂದ ಜಪಾನ್ ಡಬ್ಬಿ

ನಾನು ಕೇಳಿದೆನೋ ಇಲ್ಲವೋ ಎಂಬುದು ನನಗೆ ಇವತ್ತಿಗೂ ಖಾತ್ರಿಯಿಲ್ಲ.

ಕೇಳಿದೆ ಎಂದೇ ನನ್ನ ನೆನಪು. ಕೆಂಗೇರಿ ಉಪನಗರದ ಒಂದು ಅಡ್ಡರಸ್ತೆ. ಅರ್ಧ ಎತ್ತಿದ ಕಬ್ಬಿಣದ ಷಟರು. ಅದರ ಕೆಳಗೆ ತಲೆ ಬಗ್ಗಿಸಿಕೊಂಡು ಒಬ್ಬ ಹೆಂಗಸು ಹೊರಗೆ ಬರುತ್ತಾರೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ. "ವೆಜ್ ತಾನೆ?" ಎಂದು ನಾನು. "ಪೂರ್ತಿ ವೆಜ್ ಸಾರ್" ಎಂದು ಆಕೆ. ಡಬ್ಬಿ ನೆನೆಯದಿರಲೆಂದು ಅದನ್ನು ಶರ್ಟಿನೊಳಗೆ ಇಟ್ಟುಕೊಂಡು ಮೆಟ್ರೋ ಸ್ಟೇಷನ್ನಿನವರೆಗೆ ಓಡುತ್ತೇನೆ. ಮಳೆ ಜೋರಾಗಿದೆ.

ತೊಂದರೆ ಏನೆಂದರೆ, ಆ ದಿನ ಮಳೆ ಬಂದಿರಲು ಸಾಧ್ಯವೇ ಇಲ್ಲ. ಅಮ್ಮನಿಗೆ ಕೀಮೋ ಶುರುವಾದದ್ದು ಶಿವರಾತ್ರಿ ಕಳೆದ ಮೇಲೆ. ನಾನು ಡಬ್ಬಿ ತರಲು ಶುರುಮಾಡಿದ್ದು ಯುಗಾದಿಯ ಆಸುಪಾಸಿನಲ್ಲಿ. ಆ ಬೇಸಿಗೆಯಲ್ಲಿ ನಮ್ಮ ವಿಜಯನಗರದ ಬೀದಿಯವರೆಲ್ಲ ಟ್ಯಾಂಕರ್ ನೀರಿಗೆ ಫೋನ್ ಮೇಲೆ ಫೋನ್ ಮಾಡುತ್ತ ಕೂತಿದ್ದರು. ಒಂದು ಹನಿ ಬಿದ್ದಿದ್ದರೆ ಯಾರೂ ಮರೆಯುತ್ತಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ಇತಿಹಾಸ. ಒಂದು ಶಾಸನ ಸಿಕ್ಕರೆ ಅದರಲ್ಲಿ ಬರೆದದ್ದನ್ನು ನಂಬುವ ಮೊದಲು, ಅದನ್ನು ಬರೆಸಿದವರು ಯಾರು, ಯಾವಾಗ, ಯಾಕೆ ಎಂದು ಕೇಳಬೇಕೆಂದು ಅಲ್ಲಿ ಹೇಳಿಕೊಟ್ಟರು. ಅಲ್ಲಿಂದಾಚೆ ನಾನು ಯಾವುದನ್ನೂ ಸುಲಭಕ್ಕೆ ನಂಬಿದವನಲ್ಲ. ಆದರೆ ನನ್ನ ನೆನಪನ್ನು ಮಾತ್ರ ಯಾಕೋ ಪ್ರಶ್ನೆ ಕೇಳದೆ ಒಳಗೆ ಬಿಟ್ಟುಕೊಂಡಿದ್ದೆ. ಆ ಮಳೆ ಅದರೊಳಗೆ ಎಲ್ಲಿಂದ ಬಂತು?

ನಾನಾಗ ಕೆಂಗೇರಿಯಿಂದಾಚೆ ಮೈಸೂರು ರಸ್ತೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಈಗಲೂ ಅದೇ. ಬೆಳಿಗ್ಗೆ ಅಮ್ಮನಿಗೆ ಮಾತ್ರೆ ಕೊಟ್ಟು, ಅಕ್ಕ ಮೂಡಲಪಾಳ್ಯದಿಂದ ಬರುವವರೆಗೆ ಕಾದು, ಅವಳು ಬಾಗಿಲಲ್ಲಿ ಚಪ್ಪಲಿ ಬಿಡುವ ಹೊತ್ತಿಗೆ ನಾನು ಚಪ್ಪಲಿ ಹಾಕಿಕೊಂಡು ಹೊರಡುತ್ತಿದ್ದೆ. ನಾವಿಬ್ಬರೂ ಆ ದಿನಗಳಲ್ಲಿ ಆಡಿದ ಮಾತೆಲ್ಲ ಹೊಸ್ತಿಲ ಮೇಲೆಯೇ. "ತಿಂದ್ಲಾ?" "ಇಲ್ಲ." "ಕುಡಿದ್ಲಾ?" "ಎರಡು ಗುಟುಕು."

ಕೀಮೋ ಬಗ್ಗೆ ಎಲ್ಲರೂ ಹೆದರಿಸಿದ್ದು ಕೂದಲು ಉದುರುತ್ತದೆ ಎಂದು. ಕೂದಲಿಗೆ ಅಮ್ಮ ತಲೆ ಕೆಡಿಸಿಕೊಳ್ಳಲಿಲ್ಲ. ಅವಳಿಗೆ ಆಗದೆ ಹೋದದ್ದು ವಾಸನೆ. ಅನ್ನದ ಆವಿ ಮೂಗಿಗೆ ತಾಗಿದರೆ ಸಾಕು, ಹೊಟ್ಟೆ ತೊಳೆಸುತ್ತಿತ್ತು. ಅಡುಗೆಮನೆಯಲ್ಲಿ ಸಾಸಿವೆ ಸಿಡಿದರೆ ನಡುಮನೆಯಲ್ಲಿ ಬಕೆಟ್ ಸಿದ್ಧವಿರಬೇಕು. ಅಕ್ಕ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಸಂದಿಗೆ ಹಳೆಯ ಟವೆಲ್ ಒತ್ತಿ ಅಡುಗೆ ಮಾಡುತ್ತಿದ್ದಳು. ತಟ್ಟೆ ಹೊರಗೆ ಬರುತ್ತಲೇ ಅಮ್ಮ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಆದರೂ ಬಿಸಿಯಾಗಿಯೇ ಕೊಡಬೇಕು ಎಂಬುದರಲ್ಲಿ ನಮಗೆ ಯಾರಿಗೂ ಅನುಮಾನವಿರಲಿಲ್ಲ. ಹುಷಾರಿಲ್ಲದವರಿಗೆ ಬಿಸಿ ಗಂಜಿ, ಬಿಸಿ ಸಾರು, ಬಿಸಿ ಹಾಲು. "ಬಿಸಿಯಾಗಿದ್ದಾಗಲೇ ಒಂದು ತುತ್ತು ತಿಂದುಬಿಡಿ" ಎಂದು ಪಕ್ಕದ ಮನೆಯ ಆಂಟಿ ದಿನವೂ ಬಂದು ಹೇಳಿ, ತಾವು ತಂದ ಬಿಸಿಯನ್ನೂ ಇಟ್ಟುಹೋಗುತ್ತಿದ್ದರು. ತೂಕ ಇನ್ನೂ ಇಳಿದರೆ ಮುಂದಿನ ಡೋಸ್ ಮುಂದಕ್ಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಏನಾದರೂ ತಿನ್ನಲಿ, ಮೊಟ್ಟೆಯಾದರೂ ಕೊಡಿ ಎಂದೂ ಹೇಳಿದ್ದರು.

ಮೊಟ್ಟೆಯ ಮಾತನ್ನು ನಾವು ಅಮ್ಮನಿಗೆ ತಲುಪಿಸಲಿಲ್ಲ. ದಾವಣಗೆರೆ ಕಡೆಯಿಂದ ಬಂದವರು ನಾವು. ಅಮ್ಮನ ಕೊರಳಲ್ಲಿ ಲಿಂಗವಿದೆ, ಅಂಗೈಯಲ್ಲಿ ಅದನ್ನಿಟ್ಟು ಪೂಜಿಸದೆ ಅವಳು ನೀರೂ ಕುಡಿಯುವುದಿಲ್ಲ. ಆಸ್ಪತ್ರೆಯಲ್ಲಿ ಶಕ್ತಿಗೆಂದು ಕೊಟ್ಟ ಪುಡಿಯನ್ನು ಅವಳು ಕುಡಿದದ್ದು ನರ್ಸಮ್ಮ ಡಬ್ಬದ ಮೇಲಿದ್ದುದನ್ನೆಲ್ಲ ಓದಿ ಕನ್ನಡದಲ್ಲಿ ಹೇಳಿದ ಮೇಲೆಯೇ. ನಾನು ಕಾಲೇಜಿನ ಕ್ಯಾಂಟೀನಿನಲ್ಲಿ ಆಮ್ಲೆಟ್ ತಿನ್ನುವವನು, ಪೂಜೆ ಬಿಟ್ಟವನು. ಅಮ್ಮನಿಗೆ ಅದು ಗೊತ್ತು, ಅವಳು ಕೇಳುವುದಿಲ್ಲ. ನಾನೂ ಅವಳ ನೇಮದ ಸುದ್ದಿಗೆ ಹೋಗುವುದಿಲ್ಲ. ನಮ್ಮ ಮನೆ ನಡೆದಿರುವುದೇ ಹೀಗೆ.

ಅಂಥ ಒಂದು ಮಧ್ಯಾಹ್ನ, ಕ್ಲಾಸು ಮುಗಿಸಿ ಬರುವಾಗ, "ಜಪಾನ್ ಊಟ, ಎರಡು ಗಂಟೆ ಮೇಲೆ ಕಡಿಮೆ ಬೆಲೆ" ಎಂಬ ಕೈಬರಹದ ಬೋರ್ಡು ಕಂಡಿತು. ಬಿಡದಿ ಕಡೆಯ ಕಾರ್ಖಾನೆಗಳಿಗೆ ಬಂದಿರುವ ಜಪಾನಿನವರಿಗೆ ಮಧ್ಯಾಹ್ನದ ಡಬ್ಬಿ ಮಾಡಿ ಕಳಿಸುವ ಸಣ್ಣ ಅಡುಗೆಮನೆ ಅದು. ನಡೆಸುವ ಹೆಂಗಸು ಮಾಗಡಿ ರಸ್ತೆ ಕಡೆಯವರು. ಯಾವುದೋ ಗೆಸ್ಟ್‌ಹೌಸಿನಲ್ಲಿ ಜಪಾನಿನವರಿಗೆ ಅಡುಗೆ ಮಾಡುತ್ತ ಕಲಿತು, ಆಮೇಲೆ ಸ್ವಂತಕ್ಕೆ ಇಳಿದಿದ್ದರು. ವ್ಯಾನು ಹೋದ ಮೇಲೆ ಉಳಿದ ಡಬ್ಬಿಗಳನ್ನು ಎರಡು ಮಸಾಲೆ ದೋಸೆಯ ಬೆಲೆಗೆ ಮಾರಿಬಿಡುತ್ತಿದ್ದರು. ಕರಿ ಪ್ಲಾಸ್ಟಿಕ್ಕಿನ ಡಬ್ಬಿ, ಒಳಗೆ ಗೂಡುಗೂಡು. ಒಂದು ಗೂಡಿನಲ್ಲಿ ಕರಿ ಎಳ್ಳು ಉದುರಿಸಿದ ಅನ್ನ. ಇನ್ನೊಂದರಲ್ಲಿ ಬೇಯಿಸಿದ ಸಿಹಿಗುಂಬಳ, ಹೂವಿನ ಹಾಗೆ ಕತ್ತರಿಸಿದ ಕ್ಯಾರೆಟ್ಟು, ಬೀನ್ಸು. ಮತ್ತೊಂದರಲ್ಲಿ ಪನೀರಿನಂಥ ಬಿಳಿ ಚೌಕಗಳು. ಮೂಲೆಯಲ್ಲಿ ಉಪ್ಪಿನಲ್ಲಿಟ್ಟ ಒಂದೇ ಒಂದು ನೆಲ್ಲಿಕಾಯಿ. ಅವರ ದೇಶದಲ್ಲಿ ಅಲ್ಲಿ ಬೇರೆ ಯಾವುದೋ ಹುಳಿಕಾಯಿ ಇರುತ್ತದಂತೆ.

"ಬಿಸಿ ಮಾಡ್ಬೇಡಿ ಸಾರ್. ಹಂಗೇ ತಿನ್ನೋದು" ಎಂದರು ಆಕೆ. ಇದು ಸರಿಯಾಗಿ ನೆನಪಿದೆ, ಏಕೆಂದರೆ ನಾನು ನಕ್ಕಿದ್ದೆ.

"ತಣ್ಣಗೇನಾ?"

"ತಣ್ಣಗೇ ಸಾರ್. ತಣ್ಣಗೆ ತಿನ್ನೋಕಂತಲೇ ಮಾಡೋದು. ಅವರಿಗೆ ಆವಿ ಬರಂಗಿಲ್ಲ, ವಾಸನೆ ಬರಂಗಿಲ್ಲ. ಆಫೀಸಲ್ಲಿ ಪಕ್ಕದೋರಿಗೆ ತೊಂದ್ರೆ ಆಗ್ಬಾರ್ದು, ಅಷ್ಟೇ."

ನಾನು ಅದನ್ನು ಕೊಂಡದ್ದು ನನಗಾಗಿ. ನಿಂತುಕೊಂಡು ತಿನ್ನಲೂ ಆಗದಷ್ಟು ದಣಿದಿದ್ದೆ, ಮನೆಗೆ ತಂದೆ. ಮುಚ್ಚಳ ತೆಗೆದಾಗ ಅಮ್ಮ ಮಂಚದ ಮೇಲಿಂದ ನೋಡುತ್ತಿದ್ದಳು.

"ಏನಲೇ ಅದು?"

"ಜಪಾನ್ ಊಟ."

"ವಾಸ್ನೆನೇ ಇಲ್ವಲ್ಲೋ." ಎಷ್ಟೋ ದಿನದ ಮೇಲೆ ಅವಳು ಒಂದು ತಟ್ಟೆಯ ಕಡೆಗೆ ಬಗ್ಗಿ ನೋಡಿದ್ದಳು. "ಇಲ್ಲಿ ಕೊಡು." ಕೈಗೆ ತಗೊಂಡ ಮೇಲೆ ಕೇಳಿದಳು, "ಇದ್ರಾಗೆ ಏನೂ ಇಲ್ಲ ತಾನೆ?"

ನಮ್ಮ ಮನೆಯಲ್ಲಿ "ಏನೂ" ಅಂದರೆ ಏನೆಂದು ಎಲ್ಲರಿಗೂ ಗೊತ್ತು.

"ಏನೂ ಇಲ್ಲಮ್ಮ. ಕೇಳ್ಕೊಂಡೇ ತಂದಿದೀನಿ" ಎಂದೆ.

ಅವಳು ಸಿಹಿಗುಂಬಳ ತಿಂದಳು. ಅನ್ನ ಅರ್ಧ ತಿಂದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದವಳು ಒಳಗೆ ಹೋಗಿ ಒಲೆ ಆರಿಸಿದಳು. ಆಮೇಲೆ ನಾನು ಕಾಲೇಜಿಗೆ ಹೋದ ದಿನವೆಲ್ಲ ಡಬ್ಬಿ ತಂದೆ. ಪಕ್ಕದ ಮನೆಯ ಆಂಟಿಗೆ ಸಿಟ್ಟು ಬಂತು. "ಏನ್ರೀ ಇದು, ಕಾಯಿಲೆಯವರಿಗೆ ಯಾರಾದ್ರೂ ತಂಗಳು ಕೊಡ್ತಾರಾ?" ಎಂದು ಅಕ್ಕನನ್ನು ಬೈದರು. ಅಮ್ಮ ಮಲಗಿದ್ದಲ್ಲಿಂದಲೇ, "ತಂಗಳಲ್ಲ ಕಣ್ರೀ, ಜಪಾನಿಂದು" ಎಂದಳು. ಅಮ್ಮನ ತೂಕ ಇಳಿಯುವುದು ನಿಂತಿತು. ಡೋಸುಗಳು ಮುಂದಕ್ಕೆ ಹೋಗಲಿಲ್ಲ. ಮಳೆಗಾಲ ಶುರುವಾಗುವ ಮೊದಲೇ ಚಿಕಿತ್ಸೆ ಮುಗಿಯಿತು. ಅವಳಿಗೆ ನಿಧಾನಕ್ಕೆ ಬಿಸಿ ರೊಟ್ಟಿ ಸೇರತೊಡಗಿತು, ಡಬ್ಬಿ ಮರೆತುಹೋಯಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಂದೆಯೂ ಯಾವಾಗಲೋ ಒಮ್ಮೊಮ್ಮೆ, ತುಂಬ ಸುಸ್ತಾದ ದಿನ, ನನಗೆಂದು ಒಂದು ತಂದುಕೊಂಡದ್ದುಂಟು.

ಈಚೆಗೆ ಒಂದು ದಿನ ಸ್ಟಾಫ್ ರೂಮಿನಲ್ಲಿ ಕೂತು ಫೋನಿನಲ್ಲಿ ಅಡುಗೆಯ ವಿಡಿಯೋ ನೋಡುತ್ತಿದ್ದೆ. ಜಪಾನಿನ ಅಜ್ಜಿಯೊಬ್ಬರು ಸಿಹಿಗುಂಬಳ ಬೇಯಿಸುತ್ತಿದ್ದರು. ನಮ್ಮ ಡಬ್ಬಿಯದೇ ಬಣ್ಣ, ನಮ್ಮ ಡಬ್ಬಿಯದೇ ತುಂಡು. ಬೇಯಿಸುವ ನೀರಿಗೆ ಅವರು ಮೊದಲು ಮರದ ತೊಗಟೆಯಂಥ ಏನನ್ನೋ ಹಿಡಿಗಟ್ಟಲೆ ಹಾಕಿ ಸೋಸಿದರು. ಅದು ಒಣಮೀನನ್ನು ತೆಳ್ಳಗೆ ಹೆರೆದದ್ದು. ಅವರ ಕಡೆ ತರಕಾರಿಯನ್ನೂ ಸಾಮಾನ್ಯವಾಗಿ ಅದೇ ನೀರಿನಲ್ಲಿ ಬೇಯಿಸುತ್ತಾರಂತೆ.

ನಮ್ಮಂಥ ಮನೆಗಳಲ್ಲಿ ಹುಟ್ಟಿದವರು ತಟ್ಟೆಯಲ್ಲಿ ಏನಿದೆ ಎಂದು ಕೇಳುತ್ತೇವೆ. ಮಾಂಸ ಇದೆಯಾ, ಮೊಟ್ಟೆ ಇದೆಯಾ, ಬೆಳ್ಳುಳ್ಳಿ ಇದೆಯಾ ಎಂದೂ ಕೇಳುವವರಿದ್ದಾರೆ. ಬೇಯಿಸಿದ ನೀರು ಯಾವುದು ಎಂದು ಯಾರೂ ಕೇಳುವುದಿಲ್ಲ. ನೀರು ಅಂದರೆ ನೀರು. ಹಾಗಾದರೆ ನನ್ನ "ವೆಜ್ ತಾನೆ?"ಗೂ ಆಕೆಯ "ಪೂರ್ತಿ ವೆಜ್"ಗೂ ಏನರ್ಥ ಉಳಿಯಿತು?

ಇದನ್ನೂ ನುಂಗಿಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಅದೇ ವಾರ ಅಮ್ಮ ಊರಿನ ಮಠಕ್ಕೆ ಹೊರಡಲು ಸಿದ್ಧವಾಗುತ್ತಿದ್ದಳು. ಗುಣವಾದರೆ ಬಂದು ಸೇವೆ ಮಾಡುತ್ತೇನೆಂದು ಹೇಳಿಕೊಂಡಿದ್ದಳಂತೆ. ಅಲ್ಲಿ ಸೋಮವಾರದ ಭಜನೆಗೆ ಸೇರುವ ಹೆಂಗಸರು, ಕಾಯಿಲೆಯನ್ನು ಹೇಗೆ ಗೆದ್ದೆ ಎಂದು ನಾಲ್ಕು ಮಾತಾಡಲು ಕೇಳಿದ್ದರು. ಅಮ್ಮ ಸೀರೆ ಮಡಿಸುತ್ತ ಮಾತು ಅಭ್ಯಾಸ ಮಾಡುತ್ತಿದ್ದಳು. "ಸಾಯೋ ಹೊತ್ನಾಗೂ ನಾನು ನೇಮ ಬಿಡ್ಲಿಲ್ಲ, ಬಾಯಿಗೆ ಏನೂ ಮುಟ್ಟಿಸ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ಹೀಗೇ ಸುಮ್ಮನೆ, "ಆ ಡಬ್ಬಿಗೆ ನೀನು ಕೇಳಿದ್ದಿ ತಾನೆ? ಗುರುಗಳ ಮುಂದೆ ಸುಳ್ಳಾಗಬಾರ್ದು ನೋಡು" ಎಂದಳು.

ನಾನು ಕೇಳಿಸದವನಂತೆ ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕನದು ಬೇರೆಯೇ ಕಥೆ.

"ನೀನೆಲ್ಲಿ ಕೇಳಿದ್ದೆ? ಕೇಳಿದ್ದು ನಾನು ಕಣೋ. ಅಮ್ಮನ ಸ್ಕ್ಯಾನ್ ರಿಪೋರ್ಟ್ ತಗೊಂಡು ಆಟೋದಲ್ಲಿ ಬರ್ತಾ ಇದ್ವಿ. ಬೋರ್ಡ್ ನೋಡಿ ಆಟೋ ನಿಲ್ಲಿಸಿದ್ದೇ ನಾನು."

"ನೀನು ಅಲ್ಲಿಗೆ ಬಂದೇ ಇಲ್ಲ. ನಾನೊಬ್ಬನೇ ಇದ್ದೆ. ಷಟರ್ ಹತ್ರ ನಿಂತು..."

"ಯಾವ ಷಟರು? ನೀಲಿ ಗೇಟು. ಗೇಟ್ ಮೇಲೆ ಮಲ್ಲಿಗೆ ಬಳ್ಳಿ. ಸರಿಯಾಗಿ ನೆನಪಿದೆ ನನಗೆ. ಒಂದು ಹೂ ಕಿತ್ತಿದ್ದಕ್ಕೆ ಒಳಗಿಂದ ಒಬ್ಬ ಮುದುಕ ಗದರಿಸಿದ."

"ಏನಂತ ಕೇಳಿದೆ?"

"ವೆಜ್ಜಾ ಅಂತ. ಇನ್ನೇನಂತ ಕೇಳ್ತಾರೆ? ಈಗ್ಯಾಕೋ ಇದೆಲ್ಲ? ಬದುಕಿದಾಳೆ ತಾನೆ? ಬಿಟ್ಟಾಕು."

ಬಿಟ್ಟುಹಾಕಲು ಆಗಲಿಲ್ಲ. ಅಮ್ಮನ ನೇಮದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಅದು ಅವಳದು, ಅವಳ ಬದುಕಿಡೀ ಕಾಪಾಡಿಕೊಂಡದ್ದು. ಡಬ್ಬಿಯಲ್ಲಿ ಮೀನಿದ್ದರೆ ಎರಡೇ ದಾರಿ. ನಾನು ಅವಳಿಗೆ ಹೇಳಬೇಕು, ಇಲ್ಲವೇ ಅವಳು ತುಂಬಿದ ಸಭೆಯಲ್ಲಿ ಸುಳ್ಳಾಡುವುದನ್ನು ನೋಡಿಕೊಂಡು ಕೂರಬೇಕು. ಅವಳನ್ನೇ ಏನಾದರೂ ಕೇಳೋಣವೆಂದರೆ, ಕೇಳಿದರೇ ಅನುಮಾನ ಅವಳ ತಲೆಗೆ ಹೊಕ್ಕಂತೆ.

ಮರುದಿನ ಕ್ಲಾಸು ಮುಗಿಸಿ ಅಂಗಡಿಗೆ ಹೋದೆ. ಷಟರು ನನ್ನ ನೆನಪಿನಲ್ಲಿದ್ದ ಹಾಗೇ ಅರ್ಧ ಎತ್ತಿತ್ತು. ಆ ಮಟ್ಟಿಗೆ ಗೆದ್ದೆ ಎನ್ನಿಸಿತು. ಆಕೆ ತಲೆ ಬಗ್ಗಿಸಿಕೊಂಡು ಹೊರಗೆ ಬಂದರು. ನನ್ನ ಗುರುತು ಹತ್ತಿದಂತೆ ಕಾಣಲಿಲ್ಲ.

"ತರಕಾರಿ ಯಾವ ನೀರಲ್ಲಿ ಬೇಯಿಸ್ತೀರಿ?" ಎಂದು ಕೇಳಿದೆ. ಇಷ್ಟು ವರ್ಷಕ್ಕೆ ಮೊದಲ ಸಲ ಸರಿಯಾದ ಪ್ರಶ್ನೆ.

"ಕಾವೇರಿ ನೀರು ಸಾರ್."

"ಅಲ್ಲ, ಅದಕ್ಕೆ ಏನು ಹಾಕ್ತೀರಿ?"

"ಓ, ಅದಾ? ಜಪಾನ್ ಪೌಡರ್ ಸಾರ್."

"ಅದರಲ್ಲಿ ಮೀನಿರುತ್ತಾ?"

"ಇರುತ್ತೆ. ಇಲ್ಲಾಂದ್ರೆ ಅವರಿಗೆ ರುಚಿ ಹತ್ತಲ್ಲ. ನಿಮಗೆ ಬೇಡಾಂದ್ರೆ ಹಿಂದಿನ ದಿನ ಹೇಳ್ಬೇಕು."

ನಾನು ಅಲ್ಲೇ ಇದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತೆ. ಬಿಸಿಲಿಗೆ ತಲೆ ಸುತ್ತಿತೆಂದುಕೊಂಡು ಆಕೆ ನೀರು ತಂದುಕೊಟ್ಟರು. ಎರಡು ವರ್ಷದ ಹಿಂದೆಯೂ ಹೀಗೇನಾ ಎಂದು ಕೇಳಿದೆ.

"ಇಲ್ಲಿಗೆ ಬಂದ್ಮೇಲೆ ಹಿಂಗೇ. ಮೊದ್ಲು ಹಿಂದಿನ ರೋಡಲ್ಲಿ ಒಂದು ಮನೆ ಕೆಳಗಡೆ ಬಾಡಿಗೆಗಿದ್ವಿ ಸಾರ್. ಆ ಓನರ್ ಕಾಟ ಕೇಳ್ಬೇಡಿ. ಒಳಗೆ ಒಂದು ಮೊಟ್ಟೆ ಸಿಪ್ಪೆ ಬರಂಗಿಲ್ಲ. ಕೋಳಿ ಮೀನಿನ ಡಬ್ಬಿಯೆಲ್ಲ ಹೆಗ್ಗನಹಳ್ಳೀಲಿ ನಮ್ಮ ತಮ್ಮನ ಮನೇಲಿ ಮಾಡಿಸ್ತಿದ್ದೆ. ಮೊದಲ್ನೇ ವಾರ ಈ ಪೌಡರ್ ಹಾಕಿ ನೋಡ್ದೆ. ಆವಯ್ಯ ಮಹಡಿಯಿಂದ ಇಳಿದು ಬಂದು, ಕುದೀತಿರೋ ಪಾತ್ರೆ ಎತ್ತಿಸಿ ಮೋರಿಗೆ ಸುರಿಸ್ದ! ಆಮೇಲೆ ಅಲ್ಲಿರೋ ತನಕ ಕಡಲ ಪಾಚಿ ಒಣಗಿಸಿದ್ದು ಬರುತ್ತಲ್ಲ, ಅದ್ರಲ್ಲೇ ಬೇಯಿಸಿದ್ದು. ಅದೂ ಮೀನಿಗೆ ಸಂಬಂಧ ಏನೋ ಅಂತ ಅದಕ್ಕೂ ಜಗಳ."

"ಅಲ್ಲಿಂದ ಇಲ್ಲಿಗೆ ಯಾವಾಗ ಬಂದ್ರಿ?"

"ಎರಡು ವರ್ಷ ಆಯ್ತೇನೋ. ಮೂರಾ? ನೆನಪಿಲ್ಲ ಸಾರ್. ದಿನಾ ನಾಲ್ಕು ಗಂಟೆಗೆ ಏಳ್ತೀನಿ, ನಂಗೆ ವಾರನೇ ನೆನಪಿರಲ್ಲ."

ಈಗ ನನ್ನ ಅವಸ್ಥೆ ನೋಡಿ. ನಾನು ಷಟರಿನ ಮುಂದೆ ನಿಂತು ಕೇಳಿದ್ದು ನಿಜವಾದರೆ ಅಮ್ಮ ತಿಂದದ್ದು ಮೀನಿನ ನೀರು. ಅಮ್ಮನ ಮಾತು ಉಳಿಯಬೇಕಾದರೆ ನನ್ನ ನೆನಪು ಸುಳ್ಳಾಗಬೇಕು, ಅಕ್ಕನ ನೀಲಿ ಗೇಟು ನಿಜವಾಗಬೇಕು. ಯಾವತ್ತೂ ಯಾರನ್ನೂ ನಂಬದವನು ಅಕ್ಕನನ್ನು ನಂಬಲು ಕಾರಣ ಹುಡುಕುತ್ತ ಹಿಂದಿನ ರಸ್ತೆಗೆ ನಡೆದೆ.

ಗೇಟು ನೀಲಿಯೇ ಇತ್ತು. ಬಳ್ಳಿಯೂ ಇತ್ತು. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಬೋರ್ಡೂ ಇತ್ತು. ಆದರೆ ಅದರ ಮುಂದೆ ನಿಂತರೂ ನನ್ನೊಳಗೆ ಏನೂ ಎದ್ದುಬರಲಿಲ್ಲ. ಇದೇ ಮೊದಲ ಸಲ ನೋಡುತ್ತಿರುವಂತಿತ್ತು.

ಇಂಥ ಬೋರ್ಡುಗಳ ಮೇಲೆ ನನಗೆ ಹಳೆಯ ಕೋಪ. ಎಂ.ಎ. ಓದುವಾಗ ನಾನೂ ಒಬ್ಬ ಗೆಳೆಯನೂ ಸೇರಿ ಮನೆ ಹುಡುಕುತ್ತಿದ್ದೆವು. ಬಸವೇಶ್ವರನಗರದಲ್ಲಿ ಒಬ್ಬರು ನನ್ನನ್ನು ಒಳಗೆ ಕರೆದು ಕಾಫಿ ಕೊಟ್ಟು, ಅವನನ್ನು ಗೇಟಿನ ಹೊರಗೇ ನಿಲ್ಲಿಸಿ, ಅವನ ಊಟದ ಬಗ್ಗೆ ನನ್ನನ್ನು ವಿಚಾರಿಸಿದರು. ನಾನು ಕಾಫಿ ಬಿಟ್ಟು ಎದ್ದು ಬಂದಿದ್ದೆ. ಈಗ ಅಂಥದೇ ಗೇಟಿನ ಮುಂದೆ, ಅಂಥದೇ ಒಬ್ಬರ ಹಟ ಗಟ್ಟಿಯಾಗಿ ಇದ್ದಿರಲಿ ಎಂದು ಬಯಸುತ್ತ ನಿಂತಿದ್ದೆ.

ಜಗಲಿಯಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ತಲೆಯೆತ್ತಿದರು. ಹಣೆಯ ತುಂಬ ವಿಭೂತಿ.

"ಮನೆ ನೋಡೋಕಾ? ಯಾವ ಜನ?"

"ಮನೆಗಲ್ಲ ಸಾರ್. ಜಪಾನ್ ಊಟ ಮಾಡ್ತಿದ್ರಲ್ಲ, ಅವರ ವಿಷಯ."

"ಬಾಕಿ ಇಟ್ಟಿದ್ದಾರಾ?"

"ಇಲ್ಲ. ನಮ್ಮ ತಾಯಿ ಹುಷಾರಿಲ್ಲದಾಗ ಆ ಡಬ್ಬಿ ತಿಂದಿದ್ರು. ಅದರಲ್ಲಿ ಮೀನಿನ ಪುಡಿ ಹಾಕ್ತಿದ್ರಾ ಅಂತ..."

ಅವರು ಪೇಪರ್ ಮಡಿಸಿದರು. ಎದೆ ಉಬ್ಬಿದ್ದು ಕಾಣಿಸಿತು. "ನನ್ನ ಮನೇಲಾ? ಈ ಮೂಗಿದೆಯಲ್ಲ, ಇದು ಲ್ಯಾಬೋರೇಟರಿ ಕಣಪ್ಪ. ದಿನಾ ಮೊದಲನೇ ಡಬ್ಬಿ ನನ್ನ ಕೈಗೆ ಬರಬೇಕು, ನಾನು ನೋಡಿದ ಮೇಲೇ ಉಳಿದದ್ದು ಹೊರಗೆ. ಕರಾರು ಅದು."

"ನೋಡೋದೇನು, ತಿಂತಿದ್ರು" ಎಂದು ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಸಿಹಿಗುಂಬಳ ಒಂದು ಚೂರು ನನಗೆ ಉಳಿಸ್ತಿರಲಿಲ್ಲ."

"ಅವರು ಇಲ್ಲಿಂದ ಯಾವಾಗ ಹೋದ್ರು ಸಾರ್?"

"ನನ್ನ ಕಣ್ಣಿನ ಆಪರೇಷನ್ ಆದಮೇಲೆ."

"ಅದು ಯಾವಾಗ?"

ಅವರು ಯೋಚಿಸಿದರು. "ಎಡಗಣ್ಣಾದ ಮೇಲೋ ಬಲಗಣ್ಣಾದ ಮೇಲೋ... ಏ, ನಿನಗೆ ನೆನಪಿದೆಯೇನೇ?"

"ನಿಮ್ಮ ಕಣ್ಣು ನನಗ್ಯಾಕೆ ನೆನಪಿರುತ್ತೆ?"

ಅಲ್ಲಿಗೆ ಸಾಕ್ಷಿಗಳು ಮುಗಿದರು. ಮೂವರೂ ಪ್ರಾಮಾಣಿಕರೇ, ಒಬ್ಬರಿಗೂ ಕಾಲ ಗೊತ್ತಿಲ್ಲ. ನಾಲ್ಕನೆಯವನಾದ ನಾನಂತೂ ಬೇಸಿಗೆಯಲ್ಲಿ ಮಳೆ ಸುರಿಸಿದವನು. ಹೊರಡುವಾಗ ಯಜಮಾನರು, "ನಿಮ್ಮ ತಾಯಿಗೆ ಧೈರ್ಯವಾಗಿರೋಕೆ ಹೇಳಪ್ಪ" ಎಂದರು. ಅವರಿಗೆ ಕೈಮುಗಿದೆ. ಮುಗಿದದ್ದಕ್ಕೆ ನನ್ನ ಮೇಲೆಯೇ ಸ್ವಲ್ಪ ಬೇಸರವಾಯಿತು. ಆ ಗೆಳೆಯ ನೋಡಿದ್ದರೆ ಏನನ್ನುತ್ತಿದ್ದನೋ.

ಮನೆಗೆ ಬಂದಾಗ ಅಮ್ಮನ ಚೀಲ ಬಾಗಿಲ ಬಳಿ ಸಿದ್ಧವಿತ್ತು.

"ಎಲ್ಲಿ ಹೋಗಿದ್ದಿ ಇಷ್ಟೊತ್ತು?"

"ಕೆಂಗೇರಿ. ಆ ಡಬ್ಬಿ ಅಂಗಡಿ ಹತ್ರ."

"ತಂದಿಲ್ಲ ತಾನೆ?" ಎಂದು ಅವಳು ಗಾಬರಿಯಾದಳು. "ಶಿವನೇ, ಉಪ್ಪಿಲ್ಲ ಖಾರಿಲ್ಲ. ಹೆಂಗ್ ತಿಂದ್ನೋ ಅದನ್ನ." ಆಮೇಲೆ ಮತ್ತೆ, "ಕೇಳಿದ್ದಿ ತಾನೆ ನೀನು?"

"ನಾಳೆ ಹೇಳ್ತೀನಮ್ಮ."

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. ಚೀಲದ ಮೇಲೆ ಮಡಿಸಿಟ್ಟಿದ್ದ ಸೀರೆಯನ್ನು ತೆಗೆದು ಮತ್ತೆ ಬೀರುವಿಗೆ ಇಟ್ಟಳು.

ಮರುದಿನ ಮತ್ತೆ ಆ ಷಟರಿನ ಮುಂದೆ ನಿಂತಿದ್ದೆ. ಆಕೆ ವ್ಯಾನಿಗೆ ಡಬ್ಬಿ ತುಂಬಿಸುವ ಗಡಿಬಿಡಿಯಲ್ಲಿದ್ದರು. ಕೇಳಲು ಹೊಸ ಪ್ರಶ್ನೆ ಯಾವುದೂ ನನ್ನಲ್ಲಿ ಉಳಿದಿರಲಿಲ್ಲ, ಸುಮ್ಮನೆ ಕಟ್ಟಡ ನೋಡಿದೆ. ಮೂರು ಮಹಡಿ, ಇನ್ನೂ ಮಾಸದ ಬಣ್ಣ. ಷಟರಿನ ಹೊಸ್ತಿಲ ಪಕ್ಕದಲ್ಲಿ ನೀರಿನ ಸಂಪು, ಅದರ ಮುಚ್ಚಳದ ಸುತ್ತ ಸಿಮೆಂಟು. ಸಿಮೆಂಟು ಹಸಿಯಿದ್ದಾಗ ಗಾರೆಯವರು ಯಾರೋ ಕಡ್ಡಿಯಿಂದ ಗೀಚಿದ್ದ ತಾರೀಖು ಧೂಳಿನಡಿ ಕಂಡಿತು. ಕೂತು, ಕರ್ಚೀಫಿನಿಂದ ಒರೆಸಿ ಓದಿದೆ. ನನ್ನ ಓದಿನ ಮೇಲೆ ನನಗೇ ನಂಬಿಕೆ ಬರಲಿಲ್ಲ. ಎದುರಿನ ಇಸ್ತ್ರಿ ಅಂಗಡಿಯವರನ್ನು ಕರೆದು, ಏನು ಬರೆದಿದೆ ಓದಿ ಎಂದೆ. ಅವರೂ ಅದನ್ನೇ ಓದಿದರು. "ಅದಕ್ಕೆ ಮುಂಚೆ ಇದು ಖಾಲಿ ಸೈಟು ಸಾರ್, ಟೆಂಪೋ ನಿಲ್ಲಿಸ್ತಿದ್ರು" ಎಂದೂ ಹೇಳಿದರು.

ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿ, ಸೀರೆ ಚೀಲಕ್ಕೆ ಹಾಕಿಕೋ ಎಂದೆ.

ಅವತ್ತು ಕೇಳಿದ್ದು ನಾನೋ, ಅಕ್ಕನೋ, ಯಾರೂ ಅಲ್ಲವೋ, ಹೇಳಲಾರೆ. ಇಷ್ಟನ್ನು ಮಾತ್ರ ಹೇಳಬಲ್ಲೆ. ಆ ಷಟರಿನ ಮುಂದಿನ ಸಿಮೆಂಟು ಹಾಕಿದ್ದು ಅಮ್ಮನ ಚಿಕಿತ್ಸೆ ಮುಗಿದ ಮರುವರ್ಷದ ಮಳೆಗಾಲದಲ್ಲಿ.